ಸಬ್‌ಸ್ಟೇಷನ್ ಕಣ್ಣೆದುರೇ ಇದೆ, ಆದರೂ ಮನೆಯಲ್ಲಿ ವೋಲ್ಟೇಜ್ ಇಲ್ಲ. ಏಕೆ?

ನೀರ್ಚಾಲು ತೋಟ
ಬಲ್ಲವರು ಬಿಡಿಸಿ ಹೇಳಬೇಕು. ನಮ್ಮ ತೋಟದ ಮೇಲಿನ ಗುಡ್ಡೆಯಲ್ಲಿ ನಿಂತರೆ ಸಬ್‌ಸ್ಟೇಷನ್ ಕಾಣುತ್ತದೆ. ರಾತ್ರಿ ಅಲ್ಲಿ ಹಗಲಿನಂಥ ಬೆಳಕು. ನಮ್ಮಲ್ಲಿ ಮಾತ್ರ ಸಂಜೆ ಆರೂವರೆ ಕಳೆಯಿತೆಂದರೆ ಫ್ಯಾನ್ ತೆವಳುತ್ತದೆ. ತೋಟದ ಒಂದೂವರೆ ಎಚ್‌ಪಿ ಪಂಪ್ ಗುಂಯ್ ಎನ್ನುತ್ತದೆಯೇ ಹೊರತು ನೀರೆತ್ತುವುದಿಲ್ಲ. ಕಳೆದ ಬೇಸಿಗೆಯಲ್ಲಿ ಕೆಪಾಸಿಟರ್ ಉಬ್ಬಿ ಹೋಯಿತು, ಈ ಬೇಸಿಗೆಯಲ್ಲಿ ವೈಂಡಿಂಗ್ ಸುಟ್ಟಿತು. ಅಡಿಕೆಗೆ ನೀರು ಬಿಡಲು ಅಪ್ಪ ರಾತ್ರಿ ಹನ್ನೊಂದರ ನಂತರ ಎದ್ದು ಹೋಗುತ್ತಾರೆ.

ಸಬ್‌ಸ್ಟೇಷನ್‌ನಿಂದ ಹತ್ತಾರು ಕಿಲೋಮೀಟರ್ ಆಚೆ ಇರುವ ನಮ್ಮ ಭಾವನ ಮನೆಯಲ್ಲಿ ಇಂಥ ತೊಂದರೆಯೇ ಇಲ್ಲ. ಇಷ್ಟು ಹತ್ತಿರ ಇರುವ ನಮಗೆ ಏಕಿಲ್ಲ? ಅಲ್ಲಿಂದ ನೇರವಾಗಿ ಒಂದು ತಂತಿ ಎಳೆದು ಕೊಡಲು ಏನು ಅಡ್ಡಿ? ಆ ಬೇಲಿಯ ಒಳಗೆ ನಿಜವಾಗಿ ನಡೆಯುವುದೇನು?

ಉಪ್ಪಳ ಗೇಟ್
ಎಲ್ಲ ಕಡೆಯೂ ಇದೇ ಗೋಳು. ಜನವರಿ ಕಳೆದು ಪಂಪುಗಳು ಎದ್ದವೆಂದರೆ ದೀಪಗಳು ಮಲಗುತ್ತವೆ.

ಎಣ್ಮಕಜೆಯಿಂದ
ಕಾರಣ ಸ್ಪಷ್ಟ. ಸಬ್‌ಸ್ಟೇಷನ್‌ನಲ್ಲಿ ಕುಳಿತವರು ಹಳ್ಳಿಯ ಕಡೆಗೆ ವೋಲ್ಟೇಜ್ ಇಳಿಸಿ ಪೇಟೆಯ ಕಡೆಗೆ ಏರಿಸುತ್ತಾರೆ. ಪೇಟೆಯ ಅಂಗಡಿಗಳಲ್ಲಿ ಎಂದಾದರೂ ಫ್ಯಾನ್ ತೆವಳಿದ್ದನ್ನು ನೋಡಿದ್ದೀರಾ?

ಕಂಟ್ರೋಲ್ ರೂಮ್ (ನಿವೃತ್ತ)
ಎಣ್ಮಕಜೆಯವರೇ, ಅದು ಸಾಧ್ಯವೇ ಇಲ್ಲದ ಮಾತು. ಸೇವೆಯ ಬಹುಪಾಲನ್ನು ಕಂಟ್ರೋಲ್ ರೂಮಿನಲ್ಲೇ ಕಳೆದವನು ನಾನು. ಒಂದು ಸಬ್‌ಸ್ಟೇಷನ್‌ನ 11 ಕೆವಿ (11,000 ವೋಲ್ಟ್) ಫೀಡರುಗಳೆಲ್ಲ, ಅಂದರೆ ಊರುಗಳ ಕಡೆಗೆ ಹೋಗುವ ಲೈನುಗಳೆಲ್ಲ, ಹೊರಡುವುದು ಬಸ್‌ಬಾರ್ ಎಂಬ ಒಂದೇ ದಪ್ಪ ವಾಹಕದಿಂದ. ಅಲ್ಲಿ ವೋಲ್ಟೇಜ್ ಏರಿಸಿದರೆ ಎಲ್ಲರಿಗೂ ಏರುತ್ತದೆ, ಇಳಿಸಿದರೆ ಎಲ್ಲರಿಗೂ ಇಳಿಯುತ್ತದೆ. ಊರಿಗೊಂದು ತಿರುಗಣೆ ಅಲ್ಲಿ ಇಲ್ಲ.

ತೋಟದವರು ಕೇಳಿದ್ದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ. ಬೇಲಿಯ ಆಚೆ ನಡೆಯುವುದು ಜನರಿಗೆ ಗೊತ್ತಿಲ್ಲದೆ ಇರುವುದರಿಂದಲೇ ಇಷ್ಟೊಂದು ಸಂಶಯ ಹುಟ್ಟುತ್ತದೆ.

ತಂತಿಯಲ್ಲಿ ಬಿಸಿಯಾಗಿ ಕಳೆದುಹೋಗುವ ಶಕ್ತಿ ಅದರಲ್ಲಿ ಹರಿಯುವ ಕರೆಂಟಿನ ವರ್ಗವನ್ನು ಅವಲಂಬಿಸಿದೆ. 10 ಎಂವಿಎ ಹೊರೆಯನ್ನು (ಸುಮಾರು ಹತ್ತು ಮೆಗಾವಾಟ್ ವಿದ್ಯುತ್ ಎನ್ನಿ) 110 ಕೆವಿಯಲ್ಲಿ ಕಳುಹಿಸಿದರೆ ತಂತಿಯಲ್ಲಿ ಸುಮಾರು 52 ಆಂಪಿಯರ್ ಹರಿಯುತ್ತದೆ. ಅಷ್ಟನ್ನೇ 11 ಕೆವಿಯಲ್ಲಿ ಕಳುಹಿಸಿದರೆ 525 ಆಂಪಿಯರ್. ಕರೆಂಟ್ ಹತ್ತು ಪಟ್ಟು, ಅದೇ ತಂತಿಯಾದರೆ ನಷ್ಟ ನೂರು ಪಟ್ಟು. ಆದ್ದರಿಂದ ದೂರದ ಪ್ರಯಾಣವೆಲ್ಲ ಹೆಚ್ಚಿನ ವೋಲ್ಟೇಜಿನಲ್ಲಿ. ಕಣ್ಣೂರಿನ ಕಾಞಿರೋಡಿನಿಂದ ನಮ್ಮ ಕಾಸರಗೋಡು ಜಿಲ್ಲೆಯ ಮೈಲಾಟಿಗೆ 220 ಕೆವಿ ಲೈನ್ ಬರುತ್ತದೆ. ಅಲ್ಲಿ 110 ಕೆವಿಗೆ ಇಳಿದು ವಿದ್ಯಾನಗರದಂಥ ಸಬ್‌ಸ್ಟೇಷನ್‌ಗಳಿಗೆ ಹೋಗುತ್ತದೆ. ಅಲ್ಲಿಂದ ಮುಂದೆ 33 ಅಥವಾ 11 ಕೆವಿ. ಕೊನೆಗೆ ನಿಮ್ಮ ರಸ್ತೆ ಬದಿಯ ಟ್ರಾನ್ಸ್‌ಫಾರ್ಮರ್ 11 ಕೆವಿಯನ್ನು 433 ವೋಲ್ಟಿಗೆ ಇಳಿಸುತ್ತದೆ. ಅದು ಎರಡು ಫೇಸ್ ತಂತಿಗಳ ನಡುವಿನ ಲೆಕ್ಕ. ಒಂದು ಫೇಸ್ (ವಿದ್ಯುತ್ ತರುವ ತಂತಿ) ಮತ್ತು ನ್ಯೂಟ್ರಲ್ (ಮರಳುವ ತಂತಿ) ನಡುವೆ ಅಳೆದರೆ ಸುಮಾರು 240–250 ವೋಲ್ಟ್.

ಸಬ್‌ಸ್ಟೇಷನ್‌ನ ಅಂಗಳಕ್ಕೆ ಬಂದ ಲೈನು ಮೊದಲು ಸಿಡಿಲುರೋಧಕವನ್ನು ಮುಟ್ಟುತ್ತದೆ, ಅಂದರೆ ಲೈಟ್ನಿಂಗ್ ಅರೆಸ್ಟರ್. ಆಮೇಲೆ ಐಸೊಲೇಟರ್, ಕರೆಂಟ್ ಅಳೆಯುವ ಸಿಟಿ, ಸರ್ಕ್ಯೂಟ್ ಬ್ರೇಕರ್, ಬಸ್‌ಬಾರ್, ಪವರ್ ಟ್ರಾನ್ಸ್‌ಫಾರ್ಮರ್. ಐಸೊಲೇಟರ್ ಕಣ್ಣಿಗೆ ಕಾಣುವ ಕತ್ತಿ. ಹೊರೆ ಹರಿಯುತ್ತಿರುವಾಗ ಅದನ್ನು ತೆರೆಯಲೇಬಾರದು, ತೆರೆದರೆ ಬೆಂಕಿಯ ಕಮಾನೇ ಏಳುತ್ತದೆ. ಹೊರೆ ಕಡಿಯುವ ಕೆಲಸ ಬ್ರೇಕರಿನದ್ದು. 110 ಕೆವಿಯಲ್ಲಿ ಅದರ ಒಳಗೆ ಎಸ್‌ಎಫ್‌6 ಅನಿಲ ಇರುತ್ತದೆ, ಕಿಡಿಯನ್ನು ನುಂಗಿ ಆರಿಸುವುದು ಅದೇ. ದೋಷ ಎಲ್ಲಿದೆ ಎಂದು ತೀರ್ಮಾನಿಸುವುದು ರಿಲೇ. ರಿಲೇ ಆಜ್ಞೆ ಕೊಟ್ಟರೆ ಬ್ರೇಕರ್ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಸಮಯದಲ್ಲಿ ತೆರೆಯುತ್ತದೆ. ಇಡೀ ಊರು ಕತ್ತಲಾದಾಗಲೂ ಈ ರಿಲೇ ಎಚ್ಚರವಾಗಿರಬೇಕು. ಅದಕ್ಕಾಗಿ ಒಂದು ಕೋಣೆಯ ತುಂಬ ಬ್ಯಾಟರಿಗಳಿರುತ್ತವೆ. ಪಾಳಿಗೆ ಬಂದ ಕೂಡಲೇ ನಾನು ಮೊದಲು ನೋಡುತ್ತಿದ್ದದ್ದು ಆ ಕೋಣೆಯನ್ನು. ಬ್ಯಾಟರಿ ಸತ್ತ ಸಬ್‌ಸ್ಟೇಷನ್ ಕಣ್ಣಿಲ್ಲದ ಕಾವಲುಗಾರ.

ಈಗ ನಿಮ್ಮ ಪ್ರಶ್ನೆಯ ತಿರುಳು. ಸಬ್‌ಸ್ಟೇಷನ್‌ನಿಂದ ನಿಮ್ಮ ಮನೆಗೆ ನೇರ ತಂತಿ ಇಲ್ಲ. ನಿಮಗೆ ವಿದ್ಯುತ್ ಕೊಡುವುದು ನಿಮ್ಮ ಟ್ರಾನ್ಸ್‌ಫಾರ್ಮರ್. ಅದು ಮನೆಯಿಂದ ಎಷ್ಟು ದೂರದಲ್ಲಿದೆ? ನಡುವೆ ಇರುವುದು ಯಾವ ತಂತಿ? ಅದರಲ್ಲಿ ಎಷ್ಟು ಮನೆ, ಎಷ್ಟು ಪಂಪ್ ಇವೆ? ಈ ಮೂರನ್ನು ತಿಳಿಸಿ.

ನೀರ್ಚಾಲು ತೋಟ
ಬಹಳ ಉಪಕಾರ. ಟ್ರಾನ್ಸ್‌ಫಾರ್ಮರ್ ಇರುವುದು ಶಾಲೆಯ ಹತ್ತಿರ. ಕಂಬಗಳ ದಾರಿಯಲ್ಲಿ ಬಂದರೆ ಸುಮಾರು ಒಂದು ಕಿಲೋಮೀಟರ್ ಇದ್ದೀತು. ನಮ್ಮದೇ ಕೊನೆಯ ಕಂಬ. ನಮ್ಮ ಕಡೆಗೆ ಬರುವುದು ಎರಡೇ ತಂತಿ. ದಾರಿಯಲ್ಲಿ ಹತ್ತು ಹನ್ನೆರಡು ಮನೆಗಳಿವೆ. ಹೆಚ್ಚಿನವರಿಗೆ ತೋಟವಿದೆ, ಪಂಪ್ ಇದೆ.

ಗಣಿತ ಮಾಸ್ತರ್, ಬದಿಯಡ್ಕ
ಹಾಗಾದರೆ ಕಾಗದದ ಮೇಲೆಯೇ ಉತ್ತರ ಸಿಗುತ್ತದೆ. ನಮ್ಮ ಹಳ್ಳಿಗಳ ಲೈನುಗಳಲ್ಲಿ ಸಾಮಾನ್ಯವಾಗಿ ಕಾಣುವ ವೀಸೆಲ್ ಎಂಬ ತೆಳ್ಳಗಿನ ತಂತಿಗೆ ಕಿಲೋಮೀಟರಿಗೆ ಸುಮಾರು 0.91 ಓಮ್ ಪ್ರತಿರೋಧ. ಹೋಗುವ ತಂತಿ, ಮರಳುವ ತಂತಿ ಎರಡೂ ಸೇರಿ 1.82 ಓಮ್. ಸಂಜೆ 30 ಆಂಪಿಯರ್ ಹರಿಯುತ್ತದೆ ಎನ್ನಿ. ಗುಣಿಸಿದರೆ 54.6 ವೋಲ್ಟ್, ಅಷ್ಟು ದಾರಿಯಲ್ಲೇ ಕುಸಿಯುತ್ತದೆ. ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ 240 ವೋಲ್ಟ್ ಇದ್ದರೂ ಕೊನೆಯ ಕಂಬದಲ್ಲಿ ಉಳಿಯುವುದು 185 ವೋಲ್ಟ್. ನೇರ ತಂತಿ ಏಕೆ ಎಳೆಯುವುದಿಲ್ಲ ಎಂದು ಕೇಳಿದಿರಲ್ಲ, ಕಡಿಮೆ ವೋಲ್ಟೇಜಿನ ತಂತಿಯನ್ನು ಎಲ್ಲಿಂದ ಎಳೆದರೂ ಉದ್ದವಾದಷ್ಟೂ ಇದೇ ಗತಿ.

ಇಂಡಕ್ಷನ್ ಮೋಟಾರಿನ ತಿರುಗುವ ಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. 240ರ ಜಾಗದಲ್ಲಿ 180 ಸಿಕ್ಕರೆ ಬಲ ಮುಕ್ಕಾಲು ಉಳಿಯುವುದಿಲ್ಲ, ಶೇಕಡಾ 56ಕ್ಕೆ ಇಳಿಯುತ್ತದೆ. ಪಂಪ್ ಗುಂಯ್ ಎಂದು ನಿಲ್ಲುವುದು ಇದಕ್ಕೇ. ತಿರುಗಲಾರದೆ ನಿಂತ ಮೋಟಾರ್ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ವೈಂಡಿಂಗ್ ಕರಗುತ್ತದೆ.

ಸೀತಾಂಗೋಳಿ ವರ್ಕ್‌ಶಾಪ್
ಮಾಸ್ತರರು ಲೆಕ್ಕದಲ್ಲಿ ಹೇಳಿದ್ದನ್ನು ನಾನು ಪ್ರತಿ ಬೇಸಿಗೆಯಲ್ಲಿ ಮೇಜಿನ ಮೇಲೆ ನೋಡುತ್ತೇನೆ. ಮೋಟಾರ್ ಬಿಚ್ಚಿದರೆ ಸಾಕು, ಹೇಗೆ ಸುಟ್ಟಿದೆ ಎಂದು ಗೊತ್ತಾಗುತ್ತದೆ. ಹೊರೆ ಹೆಚ್ಚಾಗಿ ಅಥವಾ ವೋಲ್ಟೇಜ್ ಇಳಿದು ಸುಟ್ಟದ್ದಾದರೆ ಸುರುಳಿಗಳೆಲ್ಲ ಒಂದೇ ಸಮನೆ ಕಪ್ಪಾಗಿರುತ್ತವೆ, ವಾರ್ನಿಷ್ ಪುಡಿಪುಡಿಯಾಗಿ ಉದುರುತ್ತದೆ. ನೀರು ಹೊಕ್ಕು ಹಾಳಾದದ್ದಾದರೆ ಒಂದೇ ಕಡೆ ತೂತು ಬಿದ್ದಂತೆ ಸುಟ್ಟಿರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಬರುವವು ಹೆಚ್ಚಿನವೂ ಮೊದಲನೆಯ ಬಗೆಯವು. ವೋಲ್ಟೇಜ್ ಇಳಿದಾಗ ಪಂಪನ್ನು ತಾನಾಗಿ ನಿಲ್ಲಿಸುವ ರಿಲೇ ಇರುವ ಸ್ಟಾರ್ಟರ್ ಹಾಕಿಸಿ. ವೈಂಡಿಂಗ್‌ಗೆ ಕೊಡುವ ಹಣಕ್ಕಿಂತ ಅದು ಅಗ್ಗ.

ಎಣ್ಮಕಜೆಯಿಂದ
ಸ್ಟೆಬಿಲೈಸರ್ ಹಾಕಿದರೆ ಮುಗಿಯಿತಲ್ಲ?

ಕಂಟ್ರೋಲ್ ರೂಮ್ (ನಿವೃತ್ತ)
ನಿಮ್ಮೊಬ್ಬರಿಗೆ ಮುಗಿಯಿತು, ಪಕ್ಕದವರಿಗೆ ಹೆಚ್ಚಾಯಿತು. ಸ್ಟೆಬಿಲೈಸರ್ ವೋಲ್ಟೇಜನ್ನು ಸೃಷ್ಟಿಸುವುದಿಲ್ಲ, ಕಡಿಮೆ ವೋಲ್ಟೇಜಿನಿಂದ ಹೆಚ್ಚು ಕರೆಂಟ್ ಎಳೆದು ನಿಮಗೆ ಏರಿಸಿ ಕೊಡುತ್ತದೆ. ಆಗ ಲೈನಿನಲ್ಲಿ ಕುಸಿತ ಇನ್ನಷ್ಟು. ಆ ಸಾಲಿನ ಹತ್ತು ಮನೆಯವರೂ ಹಾಕಿದರೆ ಹತ್ತೂ ಮನೆಗೆ ಬರುವ ವೋಲ್ಟೇಜ್ ಮೊದಲಿಗಿಂತ ಕೆಳಗೆ ಹೋಗುತ್ತದೆ.

ಅನಂತಪುರ ಕೆರೆ
ನನಗೆ ತಿಳಿದದ್ದು ಇಷ್ಟು: ತೋಟದ ಪೈಪಿನ ಕೊನೆಯ ಜೆಟ್ (ನೀರು ಚಿಮ್ಮುವ ತಿರುಗಣೆ) ತಿರುಗದೆ ಇದ್ದರೆ ಟ್ಯಾಂಕನ್ನು ಬೈದು ಪ್ರಯೋಜನವಿಲ್ಲ. ಪೈಪ್ ದಪ್ಪ ಮಾಡಬೇಕು, ಇಲ್ಲವೇ ಟ್ಯಾಂಕನ್ನು ಹತ್ತಿರ ತರಬೇಕು.

ಕಂಟ್ರೋಲ್ ರೂಮ್ (ನಿವೃತ್ತ)
ಅಷ್ಟೇ. ಪೈಪ್ ಎಂದರೆ ತಂತಿ, ಟ್ಯಾಂಕ್ ಎಂದರೆ ಟ್ರಾನ್ಸ್‌ಫಾರ್ಮರ್. ಆ ಎರಡರ ಜೊತೆ ಮೂರನೆಯದೂ ಒಂದಿದೆ. ಆ ಕವಲಿಗೆ ಎರಡೇ ತಂತಿ, ಅಂದರೆ ಒಂದೇ ಫೇಸ್ ಬಂದಿದೆ. ಮೂರು ಫೇಸ್ ಎಳೆದು ಮನೆಗಳನ್ನು ಮೂರಕ್ಕೂ ಹಂಚಿದರೆ ಪ್ರತಿ ತಂತಿಯ ಕರೆಂಟ್ ಮೂರನೇ ಒಂದಾಗುತ್ತದೆ. ಹೊರೆ ಸಮನಾಗಿದ್ದರೆ ನ್ಯೂಟ್ರಲ್‌ನಲ್ಲಿ ಮರಳುವ ಕರೆಂಟೂ ಬಹುತೇಕ ಇಲ್ಲವಾಗುತ್ತದೆ. ಮಾಸ್ತರರು ಹೇಳಿದ 54 ವೋಲ್ಟ್ ಕುಸಿತ ಹತ್ತು ವೋಲ್ಟಿನ ಆಸುಪಾಸಿಗೆ ಬರುತ್ತದೆ. ಹೊಸ ಟ್ರಾನ್ಸ್‌ಫಾರ್ಮರಿಗಿಂತ ಇದು ಅಗ್ಗದ ಕೆಲಸ. ಅರ್ಜಿಯಲ್ಲಿ ಇದನ್ನೇ ಮೊದಲು ಕೇಳಿ.

ಮಂಜೇಶ್ವರ ಕಡಲು
ಗಡಿಯ ಆಚೆ ಕರ್ನಾಟಕದ ಅಡ್ಯನಡ್ಕದಲ್ಲಿ ನಮ್ಮ ಅಕ್ಕನ ಮನೆ. ಅಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪಿಗೆ ಬಿಲ್ಲೇ ಇಲ್ಲ. ನಾವು ಇಲ್ಲಿ ಯೂನಿಟ್ ಲೆಕ್ಕದಲ್ಲಿ ಕೊಡುತ್ತೇವೆ, ಅದಕ್ಕೂ ಈ ವೋಲ್ಟೇಜ್.

ಪಯಸ್ವಿನಿ ದಡ
ಅಕ್ಕನ ಮನೆಯಲ್ಲಿ ತ್ರೀ ಫೇಸ್ ಎಷ್ಟು ಹೊತ್ತು ಇರುತ್ತದೆ ಎಂದೂ ಕೇಳಿ. ಕರ್ನಾಟಕದಲ್ಲಿ ಪಂಪ್‌ಸೆಟ್ಟಿಗೆ ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಕೊಡುವುದು ಕ್ರಮ. ಉಳಿದ ಹೊತ್ತು ಮೋಟಾರ್ ಮುಟ್ಟುವಂತಿಲ್ಲ. ನಮ್ಮಲ್ಲಿ ಹಾಗೆ ಗಂಟೆ ಗೊತ್ತುಮಾಡಿಲ್ಲ. ಇಲ್ಲಿಯೂ ಅರ್ಹ ರೈತರಿಗೆ ಕೃಷಿ ಭವನದ ಮೂಲಕ ವಿದ್ಯುತ್ ಶುಲ್ಕದ ನೆರವು ಇದೆ. ಅರ್ಜಿ ಹಾಕದೆ ಕುಳಿತರೆ ತಾನಾಗಿ ಬರುವುದಿಲ್ಲ.

ಮಂಜೇಶ್ವರ ಕಡಲು
ಏಳು ಗಂಟೆಯಾದರೂ ಪಂಪ್ ತಿರುಗುತ್ತದಲ್ಲ! ನಮ್ಮದು ಇಪ್ಪತ್ತನಾಲ್ಕು ಗಂಟೆ ಇದ್ದು ಏನು ಬಂತು?

ಕಂಟ್ರೋಲ್ ರೂಮ್ (ನಿವೃತ್ತ)
ಕಡಲಿನವರಿಗೆ ಒಂದು ಮಾತು. ಮಂಜೇಶ್ವರದ ಸಬ್‌ಸ್ಟೇಷನ್‌ಗೆ ಕರ್ನಾಟಕದ ಕೊಣಾಜೆಯಿಂದ 110 ಕೆವಿ ಲೈನ್ ಇದೆ. ರಾಜ್ಯದ ಗಡಿ ಭೂಪಟದಲ್ಲಿದೆ, ತಂತಿಗೆ ಅದು ಗೊತ್ತಿಲ್ಲ. ಕೇರಳ ತನಗೆ ಬೇಕಾದ ವಿದ್ಯುತ್ತಿನ ದೊಡ್ಡ ಪಾಲನ್ನು ಹೊರಗಿನಿಂದಲೇ ತರುತ್ತದೆ. ಇಡುಕ್ಕಿಯ 780 ಮೆಗಾವಾಟ್ ಯಂತ್ರಗಳಿರುವುದು ಮೂಲಮಟ್ಟದಲ್ಲಿ, ನಮ್ಮಿಂದ ಬಹಳ ದೂರ ದಕ್ಷಿಣದಲ್ಲಿ. ಕಾಸರಗೋಡು ಈ ಜಾಲದ ಬಾಲದಲ್ಲಿದೆ. ದಕ್ಷಿಣದಿಂದ ಬರುವ ಲೈನ್‌ಗಳಲ್ಲಿ ಒಂದು ಕೆಟ್ಟರೆ ಉಳಿದವುಗಳ ಮೇಲೆ ಭಾರ ಬಿದ್ದು ನಮ್ಮಲ್ಲಿ ವೋಲ್ಟೇಜ್ ಇಳಿಯುತ್ತದೆ. ಉಡುಪಿಯಿಂದ ಕರಿಂದಳಕ್ಕೆ 400 ಕೆವಿ ಲೈನಿನ ಯೋಜನೆ ಬಂದದ್ದು ಈ ಬಾಲಕ್ಕೆ ಉತ್ತರದಿಂದಲೂ ಬಲ ಕೊಡಲು.

ಎಣ್ಮಕಜೆಯಿಂದ
ಆ ಲೈನಿನ ಮಾತು ಎತ್ತಬೇಡಿ. ಅದು ಹೋಗುವ ದಾರಿಯ ತೋಟಗಳ ಗತಿ ಏನು? ದಕ್ಷಿಣ ಕನ್ನಡದಲ್ಲಿ ರೈತರು ಸುಮ್ಮನೆ ಬೀದಿಗಿಳಿದರೇ? 400 ಕೆವಿ ಲೈನಿನ ಕೆಳಗೆ 46 ಮೀಟರ್ ಅಗಲದ ಪಟ್ಟಿ ಬೇಕು. 46 ಮೀಟರ್ ಅಗಲಕ್ಕೆ ಅಡಿಕೆ, ತೆಂಗು ಹೋದರೆ ಸಣ್ಣ ಹಿಡುವಳಿಯವನಿಗೆ ಉಳಿಯುವುದು ಏನು? ಅಡಿಕೆ ಸಸಿ ಫಲ ಕೊಡಲು ಎಷ್ಟು ವರ್ಷ ಬೇಕು ಎಂದು ಲೈನ್ ಎಳೆಯುವ ಕಂಪನಿಗೆ ಗೊತ್ತಿದೆಯೇ?

ಗಣಿತ ಮಾಸ್ತರ್, ಬದಿಯಡ್ಕ
ಎಣ್ಮಕಜೆಯವರ ಈ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ. ಕೇಂದ್ರ ಸರಕಾರ 2024ರಲ್ಲಿ ಪರಿಹಾರದ ಮಾರ್ಗಸೂಚಿಯನ್ನು ಪರಿಷ್ಕರಿಸಿತು. ಗೋಪುರ ನಿಲ್ಲುವ ನೆಲಕ್ಕೆ ಭೂಮಿಯ ಬೆಲೆಯ ಎರಡು ಪಟ್ಟು, ತಂತಿಯ ಕೆಳಗಿನ ಪಟ್ಟಿಗೆ ಶೇಕಡಾ 30. ಹಿಂದೆ 2015ರ ಮಾರ್ಗಸೂಚಿಯಲ್ಲಿ ಇದ್ದದ್ದು ಶೇಕಡಾ 85 ಮತ್ತು 15. ಪಟ್ಟಿಯ ನೆಲದಲ್ಲಿ ತೋಟಗಾರನ ಜೀವನವೇ ನಿಂತಿರುವಾಗ 30 ಸಾಲದು ಎಂದು ಈಗಲೂ ಹೇಳುತ್ತೇನೆ. ಆದರೆ ಲೈನೇ ಬೇಡ ಎನ್ನುವ ವಾದವೂ ನಿಲ್ಲುವುದಿಲ್ಲ. ನಮ್ಮ ಮಕ್ಕಳಿಗೆ ಕಾರ್ಖಾನೆ ಬೇಕು, ಆಸ್ಪತ್ರೆ ಬೇಕು, ಎಲ್ಲಕ್ಕೂ ವಿದ್ಯುತ್ ಬೇಕು.

ಉಪ್ಪಳ ಗೇಟ್
ಪೈವಳಿಕೆಯಲ್ಲಿ 50 ಮೆಗಾವಾಟ್ ಸೌರ ವಿದ್ಯುತ್ ಬರುತ್ತದೆ. ಅದನ್ನೇ ಇಲ್ಲಿ ಬಳಸಿದರೆ ಸಾಲದೇ?

ಕಂಟ್ರೋಲ್ ರೂಮ್ (ನಿವೃತ್ತ)
ಹಗಲು ಹತ್ತಿರದ ಹೊರೆಯೇ ಅದನ್ನು ಬಳಸುತ್ತದೆ, ಅದು ಒಳ್ಳೆಯದೇ. ಆದರೆ ತೋಟದವರ ಸಂಕಟ ಸಂಜೆ ಆರೂವರೆಯದ್ದು, ಆಗ ಸೂರ್ಯನಿಲ್ಲ. ಪಂಪ್ ಓಡಿಸುವುದನ್ನು ಸಾಧ್ಯವಾದಷ್ಟು ಹಗಲಿಗೆ ತಂದರೆ ಲೈನಿಗೂ ಅನುಕೂಲ. ಮನೆಯ ಮಾಡಿನ ಮೇಲೆ ಸೋಲಾರ್ ಹಾಕಿದವರಿಗೆ ತದ್ವಿರುದ್ಧ ತೊಂದರೆಯೂ ಬರುತ್ತದೆ. ಉದ್ದದ ಲೈನಿನ ಕೊನೆಯಲ್ಲಿ ನಡುಹಗಲು ಎಲ್ಲರೂ ವಿದ್ಯುತ್ ತಳ್ಳತೊಡಗಿದರೆ ವೋಲ್ಟೇಜ್ ಏರಿ ಸೋಲಾರಿನ ಇನ್ವರ್ಟರ್ (ಸೌರ ವಿದ್ಯುತ್ತನ್ನು ಲೈನಿಗೆ ಹೊಂದುವಂತೆ ಬದಲಿಸುವ ಪೆಟ್ಟಿಗೆ) ತಾನಾಗಿ ನಿಲ್ಲುತ್ತದೆ. ರೋಗದ ಮೂಲ ಅದೇ ತೆಳ್ಳಗಿನ ತಂತಿ.

ಕುಂಬಳೆ ಪೇಟೆ
ಒಂದು ಚಿಕ್ಕ ಪ್ರಶ್ನೆ. ಸಬ್‌ಸ್ಟೇಷನ್ ಅಂಗಳದ ತುಂಬ ಜಲ್ಲಿ ಏಕೆ ಹಾಕಿರುತ್ತಾರೆ? ಮಗಳು ಕೇಳಿದಳು.

ಕಂಟ್ರೋಲ್ ರೂಮ್ (ನಿವೃತ್ತ)
ಮಗಳಿಗೆ ನನ್ನ ಮೆಚ್ಚುಗೆ ತಿಳಿಸಿ. ದೋಷ ಸಂಭವಿಸಿದಾಗ ಸಾವಿರಾರು ಆಂಪಿಯರ್ ಭೂಮಿಗೆ ಇಳಿಯುತ್ತದೆ. ಆಗ ನೆಲದ ಮೇಲೆ ಒಂದು ಹೆಜ್ಜೆ ಅಂತರದಲ್ಲೇ ವೋಲ್ಟೇಜಿನ ವ್ಯತ್ಯಾಸ ಹುಟ್ಟುತ್ತದೆ. ನಡೆಯುವವನ ಒಂದು ಕಾಲಿನಿಂದ ಕರೆಂಟ್ ಹೊಕ್ಕು ಇನ್ನೊಂದರಿಂದ ಹೊರಡುತ್ತದೆ. ಒಣ ಜಲ್ಲಿಯ ಪ್ರತಿರೋಧ ಮಣ್ಣಿಗಿಂತ ಬಹಳ ಹೆಚ್ಚು, ಮಳೆಗಾಲದಲ್ಲೂ ನೀರು ಬಸಿದು ಹೋಗುತ್ತದೆ. ಅದಕ್ಕಾಗಿ ಆ ಪದರ. ಹುಲ್ಲು ಬೆಳೆಯದಂತೆಯೂ ಅದು ತಡೆಯುತ್ತದೆ. ತುಂಡಾದ ತಂತಿ ನೆಲಕ್ಕೆ ಬಿದ್ದಿದ್ದರೆ ಹತ್ತಿರ ಹೋಗಬೇಡಿ ಎನ್ನುವುದೂ ಇದೇ ಕಾರಣಕ್ಕೆ. ನಿಮ್ಮ ಅಂಗಳದಲ್ಲಿ ಜಲ್ಲಿ ಇಲ್ಲ.

ಕುಂಬಳೆ ಪೇಟೆ
ಅವಳ ಎರಡನೆಯ ಪ್ರಶ್ನೆ: ಟ್ರಾನ್ಸ್‌ಫಾರ್ಮರ್ ಏಕೆ ಸದಾ ಗುಂಯ್‌ಗುಡುತ್ತದೆ, ಅದರ ಪಕ್ಕದಲ್ಲಿ ತೂಗುವ ಗಾಜಿನ ಬುರುಡೆಯಲ್ಲಿ ಏನಿದೆ?

ಕಂಟ್ರೋಲ್ ರೂಮ್ (ನಿವೃತ್ತ)
ಒಳಗಿನ ಕಬ್ಬಿಣದ ತಗಡುಗಳು ಕಾಂತತ್ವ ಬದಲಾದಂತೆಲ್ಲ ಕೂದಲೆಳೆಗಿಂತಲೂ ಸೂಕ್ಷ್ಮವಾಗಿ ಹಿಗ್ಗುತ್ತವೆ, ಕುಗ್ಗುತ್ತವೆ. ವಿದ್ಯುತ್ತಿನ ಆವರ್ತನ 50 ಹರ್ಟ್ಸ್, ಒಂದು ಆವರ್ತದಲ್ಲಿ ಎರಡು ಸಲ ಹಿಗ್ಗುವುದರಿಂದ ಸದ್ದು 100 ಹರ್ಟ್ಸ್‌ನದ್ದು. ಗಾಜಿನೊಳಗೆ ಇರುವುದು ಸಿಲಿಕಾ ಜೆಲ್. ಟ್ರಾನ್ಸ್‌ಫಾರ್ಮರಿನ ಎಣ್ಣೆ ಬಿಸಿಯಾದಾಗ ಹಿಗ್ಗಿ ಗಾಳಿಯನ್ನು ಹೊರಗೆ ತಳ್ಳುತ್ತದೆ, ತಣಿದಾಗ ಒಳಗೆ ಎಳೆದುಕೊಳ್ಳುತ್ತದೆ. ಆ ಗಾಳಿಯ ತೇವವನ್ನು ಜೆಲ್ ಹೀರುತ್ತದೆ. ಒಣಗಿದ್ದಾಗ ನೀಲಿ, ತೇವ ಹೀರಿ ಸಾಕಾದಾಗ ಗುಲಾಬಿ. ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮ ಕರಾವಳಿಯ ಗಾಳಿಗೆ ಕೆಳಗಿನ ಹರಳುಗಳಿಂದ ಶುರುವಾಗಿ ಗುಲಾಬಿ ಬಣ್ಣ ಮೇಲೇರುವುದು ಕಣ್ಣಿಗೇ ಕಾಣುತ್ತದೆ. ಬಿಟ್ಟರೆ ಎಣ್ಣೆಗೆ ನೀರು ಸೇರುತ್ತದೆ, ಕೋಟಿ ಬೆಲೆಯ ಯಂತ್ರ ಹೋಗುತ್ತದೆ. ಈಗ ಕಿತ್ತಳೆಯಿಂದ ಹಸಿರಿಗೆ ತಿರುಗುವ ಜೆಲ್ ಕೂಡ ಬಂದಿದೆ.

ಲೈನ್‌ಮನ್ ಮಗಳು
ಎಲ್ಲರೂ ತಂತಿಯ ಮಾತಾಡುತ್ತಿದ್ದೀರಿ, ಕಂಬ ಹತ್ತುವವರ ಮಾತೂ ಬರಲಿ. ಜೂನ್ ತಿಂಗಳ ಗಾಳಿಮಳೆಯಲ್ಲಿ ಫೀಡರ್ ಟ್ರಿಪ್ ಆದರೆ ಸಬ್‌ಸ್ಟೇಷನ್‌ನವರಿಗೆ ತಿಳಿಯುವುದು ಯಾವ ಫೀಡರ್ ಎಂದು ಮಾತ್ರ. ಮರ ಬಿದ್ದದ್ದು ಯಾವ ತಿರುವಿನಲ್ಲಿ ಎಂದು ಹುಡುಕುವುದು ಲೈನ್‌ಮನ್. ಲೈನಿನ ನಡುವೆ ಇರುವ ಎಬಿ ಸ್ವಿಚ್‌ಗಳನ್ನು ತೆರೆದು ಅರ್ಧ ಭಾಗವನ್ನು ಬೇರ್ಪಡಿಸುತ್ತಾರೆ, ಉಳಿದದ್ದಕ್ಕೆ ವಿದ್ಯುತ್ ಕೊಟ್ಟು ನೋಡುತ್ತಾರೆ. ನಿಂತರೆ ದೋಷ ಆಚೆ ಇದೆ, ಮತ್ತೆ ಟ್ರಿಪ್ ಆದರೆ ಈಚೆ ಇದೆ. ಕರೆಂಟ್ ಬಂದು ಬಂದು ಹೋಗುವಾಗ ಜನ ಬೈಯುತ್ತಾರೆ. ಆ ಹೊತ್ತಿನಲ್ಲಿ ಯಾರೋ ಟಾರ್ಚ್ ಹಿಡಿದು ರಬ್ಬರ್ ತೋಟದೊಳಗೆ ನಡೆಯುತ್ತಿರುತ್ತಾರೆ.

ಅಪ್ಪ ಕೆಲಸಕ್ಕೆ ಮುಂಚೆ ಮಾಡುತ್ತಿದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಸಬ್‌ಸ್ಟೇಷನ್‌ನಿಂದ ಲೈನ್ ಕ್ಲಿಯರ್ (ಲೈನ್ ಬಂದ್ ಮಾಡಿದ್ದೇವೆ ಎಂಬ ಒಪ್ಪಿಗೆ) ಸಿಕ್ಕಿದೆ ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಆ ಮೇಲೂ ತಂತಿಯನ್ನು ನಂಬುತ್ತಿರಲಿಲ್ಲ. ಅರ್ಥ್ ರಾಡಿನ ತಂತಿಯನ್ನು ಮೊದಲು ನೆಲಕ್ಕೆ ಹೂಳಿದ ಕಡ್ಡಿಗೆ ಬಿಗಿಯುವುದು, ಆಮೇಲೆ ಉದ್ದದ ಕೋಲಿನ ಕೊಕ್ಕೆಯನ್ನು ಲೈನಿಗೆ ಸಿಕ್ಕಿಸುವುದು, ಒಂದೊಂದಾಗಿ ಮೂರೂ ತಂತಿಗಳಿಗೆ. ತೆಗೆಯುವಾಗ ಮೊದಲು ಲೈನಿನಿಂದ, ಕೊನೆಗೆ ನೆಲದಿಂದ. ಈ ಕ್ರಮ ಹಿಂದುಮುಂದಾದರೆ ಜೀವ ಹೋಗುತ್ತದೆ.

ಎಲ್ಲರಲ್ಲೂ ಕೈಮುಗಿದು ಕೇಳುತ್ತೇನೆ. ಮನೆಯಲ್ಲಿ ಜನರೇಟರ್ ಇರುವವರು ಚೇಂಜ್‌ಓವರ್ ಸ್ವಿಚ್ (ಹೊರಗಿನ ಲೈನನ್ನು ಕಡಿದು ಜನರೇಟರಿಗೆ ಬದಲಿಸುವ ಸ್ವಿಚ್) ಇಲ್ಲದೆ ಅದನ್ನು ಜೋಡಿಸಬೇಡಿ. ನಿಮ್ಮ ಜನರೇಟರಿನ 240 ವೋಲ್ಟ್ ಹಿಂದಕ್ಕೆ ಹರಿದು ಟ್ರಾನ್ಸ್‌ಫಾರ್ಮರಿನಲ್ಲಿ 11,000 ವೋಲ್ಟ್ ಆಗಿ ಲೈನಿಗೆ ಏರುತ್ತದೆ. ಸಬ್‌ಸ್ಟೇಷನ್‌ನಿಂದ ಲೈನ್ ಬಂದ್ ಆಗಿದೆ ಎಂದು ನಂಬಿ ಕಂಬದ ಮೇಲಿರುವವರಿಗೆ ಆ ಕರೆಂಟ್ ಬರುವುದು ನಿಮ್ಮ ಮನೆಯಿಂದ.

ಪಯಸ್ವಿನಿ ದಡ
ಅಕ್ಕಾ, ಇದನ್ನು ಊರಿನ ಎಲ್ಲ ಗುಂಪುಗಳಿಗೂ ಕಳುಹಿಸುತ್ತೇನೆ.

ಮಧೂರು ಹೊಳೆ
ಅಪಾಯ ಸೂಚನೆಯ ಫಲಕಗಳ ಬಗ್ಗೆಯೂ ಯಾರಾದರೂ ಮಾತಾಡಬೇಕು. ವಿದ್ಯುತ್ ಸುರಕ್ಷತೆಯ ಕೇಂದ್ರ ನಿಯಮದಲ್ಲಿ ಫಲಕವು ಹಿಂದಿ ಅಥವಾ ಇಂಗ್ಲಿಷಿನ ಜೊತೆಗೆ ಜಿಲ್ಲೆಯ ಸ್ಥಳೀಯ ಭಾಷೆಯಲ್ಲಿ ಇರಬೇಕು, ತಲೆಬುರುಡೆಯ ಚಿತ್ರವೂ ಇರಬೇಕು ಎಂದಿದೆ. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಕನ್ನಡ ಮಾಧ್ಯಮದಲ್ಲೇ ಓದಿದ ಹಿರಿಯರು ಎಷ್ಟೊಂದು ಜನ ಇದ್ದಾರೆ! ಅವರು ಓದುವ ಅಕ್ಷರ ಫಲಕದಲ್ಲಿ ಇರಬೇಕೆಂದು ಕೇಳುವುದು ಭಾಷಾಭಿಮಾನ ಮಾತ್ರವಲ್ಲ, ಜೀವದ ಪ್ರಶ್ನೆ.

ಎಣ್ಮಕಜೆಯಿಂದ
ಬಿಲ್ಲಿನಲ್ಲೂ ಬೇಕು.

ಉಪ್ಪಳ ಗೇಟ್
ಬಿಲ್ಲಿಗಿಂತ ಮೊದಲು ಫಲಕ. ಮಧೂರಿನವರೇ, ಪಂಚಾಯತಿಗೆ ಅರ್ಜಿ ಬರೆಯುವುದಾದರೆ ನಾನೂ ಸಹಿ ಹಾಕುತ್ತೇನೆ.

ನೀರ್ಚಾಲು ತೋಟ
ಮೀಟರ್ ತಂದು ಅಳೆದೆ. ಸಂಜೆ ಏಳಕ್ಕೆ ನಮ್ಮ ಮನೆಯ ಸಾಕೆಟ್ಟಿನಲ್ಲಿ 186 ವೋಲ್ಟ್. ಅದೇ ಹೊತ್ತಿಗೆ ಶಾಲೆಯ ಪಕ್ಕದ ಅಂಗಡಿಯಲ್ಲಿ 236. ಮಾಸ್ತರರ ಲೆಕ್ಕ ಹೆಚ್ಚುಕಡಿಮೆ ಹಾಗೇ ಬಂತು. ರಾತ್ರಿ ಹನ್ನೊಂದೂವರೆಗೆ ನಮ್ಮಲ್ಲಿ 228. ಕಚೇರಿಯಲ್ಲಿ ಬಾಯಿಮಾತಿನಲ್ಲಿ ಹೇಳಿದಾಗಲೆಲ್ಲ ‘ಮೇಲಿನಿಂದಲೇ ಕಡಿಮೆ’ ಎನ್ನುತ್ತಿದ್ದರು. ಅಂಗಡಿಯಲ್ಲಿ 236 ಇರುವಾಗ ಮೇಲಿನಿಂದ ಕಡಿಮೆ ಹೇಗಾದೀತು?

ಕಂಟ್ರೋಲ್ ರೂಮ್ (ನಿವೃತ್ತ)
ಸರಿಯಾಗಿ ಹಿಡಿದಿರಿ. 240 ವೋಲ್ಟಿನ ಮೇಲೆ ಶೇಕಡಾ 6ರಷ್ಟು ಏರಿಳಿತಕ್ಕೆ ಮಾತ್ರ ಅವಕಾಶ, ಅಂದರೆ ಸುಮಾರು 226ರಿಂದ 254. ನಿಮ್ಮ 186 ಅದರಿಂದ ಬಹಳ ಕೆಳಗೆ. ಬಾಯಿಮಾತು ಬಿಡಿ. ಎರಡೂ ಜಾಗದ ಅಳತೆ, ಹೊತ್ತು, ಟ್ರಾನ್ಸ್‌ಫಾರ್ಮರಿನ ಹೆಸರು, ಕಂಬದ ಸಂಖ್ಯೆ ಬರೆದು ಲಿಖಿತ ದೂರು ಕೊಟ್ಟು ರಶೀದಿ ತೆಗೆದುಕೊಳ್ಳಿ. ಸಾಲಿನ ಎಲ್ಲ ಮನೆಯವರೂ ಸಹಿ ಹಾಕಲಿ. 1912ಕ್ಕೂ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಅಲ್ಲಿಂದಲೂ ಪರಿಹಾರ ಸಿಗದಿದ್ದರೆ ಗ್ರಾಹಕರ ಕುಂದುಕೊರತೆ ವೇದಿಕೆ ಇದೆ, ಅದರ ಮೇಲೆ ಮೇಲ್ಮನವಿ ಕೇಳುವ ಒಂಬುಡ್ಸ್‌ಮನ್ ಇದ್ದಾರೆ. 2003ರ ವಿದ್ಯುತ್ ಕಾಯ್ದೆಯೇ ಕೊಟ್ಟ ಹಕ್ಕು ಅದು.

ಪಯಸ್ವಿನಿ ದಡ
ನಮ್ಮ ಬೀದಿಯಲ್ಲಿ ವಿಚಿತ್ರವೊಂದು ನಡೆದಿತ್ತು. ಕೆಲವು ಮನೆಗಳಲ್ಲಿ ದೀಪ ಸರಿಯಾಗಿ ಉರಿಯುತ್ತಿತ್ತು, ಕೆಲವು ಮನೆಗಳಲ್ಲಿ ನೂರಿಪ್ಪತ್ತು ವೋಲ್ಟ್ ಮಾತ್ರ. ಇದೂ ತಂತಿ ಉದ್ದವಾದದ್ದರಿಂದಲೇ?

ಕಂಟ್ರೋಲ್ ರೂಮ್ (ನಿವೃತ್ತ)
ಅಲ್ಲ, ಅದು ಬೇರೆ. ಟ್ರಾನ್ಸ್‌ಫಾರ್ಮರಿನ 11 ಕೆವಿ ಬದಿಯ ಮೂರು ಫ್ಯೂಸ್‌ಗಳಲ್ಲಿ ಒಂದು ಹೋದಾಗ ಹೀಗಾಗುತ್ತದೆ. ಆ ಬದಿಯ ಸುರುಳಿಗಳು ಡೆಲ್ಟಾ, ಅಂದರೆ ತ್ರಿಕೋನದ ಜೋಡಣೆಯಲ್ಲಿವೆ. ಒಂದು ತಂತಿ ಸತ್ತರೆ ಒಂದು ಸುರುಳಿಗೆ ಪೂರ್ತಿ ವೋಲ್ಟೇಜ್ ಉಳಿಯುತ್ತದೆ, ಉಳಿದೆರಡು ಸುರುಳಿಗಳು ಅಷ್ಟನ್ನೇ ಅರ್ಧರ್ಧ ಹಂಚಿಕೊಳ್ಳುತ್ತವೆ. ಆದ್ದರಿಂದ ಒಂದು ಫೇಸಿನ ಮನೆಗಳಿಗೆ 240, ಎರಡು ಫೇಸಿನ ಮನೆಗಳಿಗೆ 120. ದೂರು ಹೇಳುವಾಗ ಇಷ್ಟನ್ನು ಹೇಳಿದರೆ ಲೈನ್‌ಮನ್ ನೇರವಾಗಿ ಟ್ರಾನ್ಸ್‌ಫಾರ್ಮರಿನ ಬುಡಕ್ಕೇ ಬರುತ್ತಾರೆ.

ಕತ್ತಲೆಯ ಲಕ್ಷಣ ನೋಡಿ ದೋಷ ಎಲ್ಲಿದೆ ಎಂದು ಊಹಿಸಬಹುದು. ನಿಮ್ಮ ಮನೆ ಮಾತ್ರ ಕತ್ತಲಾದರೆ ನಿಮ್ಮ ಫ್ಯೂಸ್ ಅಥವಾ ಕಂಬದಿಂದ ಬರುವ ಸರ್ವಿಸ್ ವಯರ್. ಮೂರರಲ್ಲಿ ಒಂದು ಮನೆ ಕತ್ತಲಾದರೆ ಟ್ರಾನ್ಸ್‌ಫಾರ್ಮರಿನ ಕೆಳಬದಿಯ ಫ್ಯೂಸ್. ಊರಿಗೆ ಊರೇ ಒಂದೇ ಕ್ಷಣದಲ್ಲಿ ಹೋದರೆ ಫೀಡರ್. ದೂರದ ಪೇಟೆಯೂ ಕತ್ತಲಾಗಿದ್ದರೆ ಸಬ್‌ಸ್ಟೇಷನ್‌ಗೆ ಬರುವ ಲೈನೇ ಹೋಗಿದೆ. ಎಲ್ಲಕ್ಕಿಂತ ಅಪಾಯದ್ದು ಇನ್ನೊಂದು: ನಿಮ್ಮ ದೀಪ ಕಣ್ಣು ಕುಕ್ಕುವಷ್ಟು ಉರಿದು ಪಕ್ಕದ ಮನೆಯಲ್ಲಿ ಮಂಕಾದರೆ ಲೈನಿನ ನ್ಯೂಟ್ರಲ್ ತುಂಡಾಗಿದೆ ಎಂದರ್ಥ. ಮನೆಗೆ 400 ವೋಲ್ಟಿನ ಹತ್ತಿರ ಬರಬಹುದು. ಯೋಚಿಸುತ್ತ ನಿಲ್ಲಬೇಡಿ, ಮೊದಲು ಮೈನ್ ಸ್ವಿಚ್ ಇಳಿಸಿ.

ಕುಂಬಳೆ ಪೇಟೆ
ನಮ್ಮ ಮನೆಯಲ್ಲಿ ಇಎಲ್‌ಸಿಬಿ ಎಂಬ ಸುರಕ್ಷಾ ಸ್ವಿಚ್ ಇದೆ. ನ್ಯೂಟ್ರಲ್ ಹೋದರೆ ಅದೇ ಬಿದ್ದು ಕರೆಂಟ್ ಕಡಿಯುತ್ತದೆ, ಅಲ್ಲವೇ?

ಸೀತಾಂಗೋಳಿ ವರ್ಕ್‌ಶಾಪ್
ಬೀಳುತ್ತದೆ. ಅದನ್ನು ಹಾಕುವುದೇ ಅದಕ್ಕೆ.

ಕಂಟ್ರೋಲ್ ರೂಮ್ (ನಿವೃತ್ತ)
ಇಲ್ಲ, ಅದನ್ನು ನೆಚ್ಚಬೇಡಿ. ಹೋದ ಕರೆಂಟಿಗೂ ಮರಳಿದ ಕರೆಂಟಿಗೂ ವ್ಯತ್ಯಾಸ ಕಂಡಾಗ, ಅಂದರೆ ಕರೆಂಟ್ ಎಲ್ಲೋ ಭೂಮಿಗೆ ಸೋರಿದಾಗ ಮಾತ್ರ ಅದು ಬೀಳುತ್ತದೆ. ಮನುಷ್ಯನಿಗೆ ಶಾಕ್ ಹೊಡೆದಾಗ ಜೀವ ಉಳಿಸುವುದು ಅದೇ, ಆದ್ದರಿಂದ ಇರಲೇಬೇಕು. ವೋಲ್ಟೇಜ್ 400ಕ್ಕೆ ಏರಿದರೂ ಸೋರಿಕೆ ಇಲ್ಲದಿದ್ದರೆ ಅದು ಸುಮ್ಮನಿರುತ್ತದೆ. ವೋಲ್ಟೇಜ್ ಮಿತಿ ಮೀರಿದಾಗ ಕಡಿಯುವ ಸಾಧನ ಬೇರೆಯೇ ಸಿಗುತ್ತದೆ, ಫ್ರಿಜ್ಜು, ಟಿವಿ ಇರುವ ಮನೆಯಲ್ಲಿ ಹಾಕಿಸುವುದು ಒಳ್ಳೆಯದು. ಇಎಲ್‌ಸಿಬಿಯ ಮೇಲೆ ಟೆಸ್ಟ್ ಎಂದು ಒಂದು ಗುಂಡಿ ಇದೆಯಲ್ಲ, ತಿಂಗಳಿಗೊಮ್ಮೆ ಒತ್ತಿ ನೋಡಿ. ಒತ್ತಿದರೂ ಬೀಳದಿದ್ದರೆ ಅದನ್ನು ಬದಲಿಸಿ.

ಕುಂಬಳೆ ಪೇಟೆ
ಈಗಷ್ಟೇ ಒತ್ತಿ ನೋಡಿದೆ. ಬೀಳಲಿಲ್ಲ. ಸೀತಾಂಗೋಳಿ ಅಣ್ಣ, ನಾಳೆ ಅಂಗಡಿ ಎಷ್ಟು ಗಂಟೆಗೆ ತೆರೆಯುತ್ತೀರಿ?

ಸೀತಾಂಗೋಳಿ ವರ್ಕ್‌ಶಾಪ್
ಒಂಬತ್ತಕ್ಕೆ. ಹಳೆಯದನ್ನು ನೀವು ಬಿಚ್ಚಬೇಡಿ, ನಾನೇ ಬರುತ್ತೇನೆ.